ಎಡೆದೊರೆ ನಾಡಿನಲ್ಲಿ ರಾಬರ್ಟ್ ಬ್ರೂಸ್ ಫೂಟ್

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹಬ್ಬಿರುವ ಸೀಮೆಗೆ ಹಿಂದೆ ಎಡೆದೊರೆ ನಾಡೆಂಬ ಹೆಸರಿತ್ತು. ಇಂದು ಅದನ್ನು ರಾಯಚೂರು ದೋಆಬ್ ಎಂದು ಕರೆಯುತ್ತಾರೆ. ಈ ಫಲವತ್ತಾದ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಗೆದ್ದ ಸಂಗತಿಯನ್ನು ಚರಿತ್ರೆಯ ಪುಸ್ತಕಗಳಲ್ಲಿ ಎಲ್ಲರೂ ಓದಿರುತ್ತಾರೆ. ಆ ಯುದ್ಧವಾಗಿ ಮೂರೂವರೆ ಶತಮಾನಗಳು ಕಳೆದ ಮೇಲೆ, 1870ರಲ್ಲಿ, ಮತ್ತೊಬ್ಬ ಹೊರಗಿನವರು ಈ ನಾಡಿಗೆ ಬಂದರು. ಅವರ ಕೈಯಲ್ಲಿದ್ದುದು ಒಂದು ಸುತ್ತಿಗೆ. ಅವರಿಗೆ ಬೇಕಾಗಿದ್ದುದು ಇಲ್ಲಿನ ಕಲ್ಲುಗಳು. ಅವರೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್.

ಫೂಟರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ ಜನಿಸಿದರು. ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, 1858ರಲ್ಲಿ, ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸು ಪ್ರಾಂತ್ಯಕ್ಕೆ ಬಂದರು. ಆಗ ಇಲಾಖೆ ಹುಟ್ಟಿ ಏಳು ವರ್ಷಗಳಷ್ಟೇ ಆಗಿದ್ದವು. ಥಾಮಸ್ ಓಲ್ಡ್‌ಹ್ಯಾಮ್ ಅದರ ಮುಖ್ಯಸ್ಥರಾಗಿದ್ದರು. ಭಾರತದ ನೆಲದಡಿಯಲ್ಲಿ ಕಲ್ಲಿದ್ದಲು ಎಲ್ಲಿದೆ, ಕಬ್ಬಿಣ ಎಲ್ಲಿದೆ, ಚಿನ್ನ ಎಲ್ಲಿದೆ ಎಂಬುದನ್ನು ತಿಳಿಯಬೇಕೆಂಬುದು ಆಳುವವರ ಆಸೆಯಾಗಿತ್ತು. ಅದಕ್ಕಾಗಿಯೇ ಅವರು ಸಂಬಳ ಕೊಟ್ಟು ಇಂಥ ವಿದ್ವಾಂಸರನ್ನು ಕರೆಸಿಕೊಳ್ಳುತ್ತಿದ್ದರು. ಫೂಟರೂ ಆ ಕೆಲಸಕ್ಕೆಂದೇ ಬಂದವರು. ಆದರೆ ಬಂದ ಐದನೆಯ ವರ್ಷದಲ್ಲಿ ಅವರ ಬದುಕಿನ ದಾರಿಗೆ ಮತ್ತೊಂದು ಕವಲು ಒಡೆಯಿತು.

1863ರ ಮೇ 30. ಮದರಾಸಿನ ಬಳಿಯ ಪಲ್ಲಾವರಂ ಎಂಬಲ್ಲಿ ಸೈನಿಕರ ಕವಾಯತು ಮೈದಾನದ ಪಕ್ಕದಲ್ಲಿ ಜಲ್ಲಿಗಾಗಿ ತೋಡಿದ ಒಂದು ಗುಂಡಿಯಿತ್ತು. ಅಲ್ಲಿ ಹರಡಿದ್ದ ಜಂಬಿಟ್ಟಿಗೆಯ ಕಲ್ಲುಗಳ ನಡುವೆ ಒಂದು ಕಲ್ಲು ಫೂಟರ ಕಣ್ಣಿಗೆ ಬೇರೆಯಾಗಿ ತೋರಿತು. ನೀರು ಉರುಳಿಸಿದ ಕಲ್ಲಿನ ಅಂಚು ದುಂಡಗಿರುತ್ತದೆ, ತಾನಾಗಿ ಸೀಳಿದ ಕಲ್ಲಿನ ಅಂಚು ಹೇಗೆಂದರೆ ಹಾಗಿರುತ್ತದೆ. ಈ ಕಲ್ಲಿನ ಎರಡೂ ಬದಿಗಳಿಂದ ಚಕ್ಕೆಗಳನ್ನು ಎಬ್ಬಿಸಿ, ಒಂದು ತುದಿಯನ್ನು ಚೂಪು ಮಾಡಲಾಗಿತ್ತು. ಅದು ಮನುಷ್ಯನ ಕೈಕೆಲಸ, ಹಳೆಯ ಶಿಲಾಯುಗದ ಕೈಗೊಡಲಿ. ಅದಕ್ಕೆ ನಾಲ್ಕು ವರ್ಷಗಳ ಹಿಂದೆಯಷ್ಟೇ ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ ದೊರೆತ ಇಂಥವೇ ಆಯುಧಗಳನ್ನು ಯುರೋಪಿನ ವಿದ್ವಾಂಸರು ನಿಜವೆಂದು ಒಪ್ಪಿಕೊಂಡಿದ್ದರು. ಭಾರತದಲ್ಲಿಯೂ ಅಷ್ಟು ಪುರಾತನ ಮಾನವನು ಬಾಳಿದ್ದನೆಂಬುದಕ್ಕೆ ಈ ಕೈಗೊಡಲಿಯೇ ಮೊದಲ ಪ್ರಮಾಣವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಫೂಟರು ತಮ್ಮ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ಎಂಬ ನೆಲೆಯನ್ನೂ ಕಂಡುಹಿಡಿದರು. ಅಲ್ಲಿನ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಳೆಯವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿತು. ಫೂಟರು ಅಷ್ಟು ದೊಡ್ಡ ಸಂಖ್ಯೆಯನ್ನು ಊಹಿಸಲು ಅವರ ಕಾಲದಲ್ಲಿ ಯಾವ ಸಾಧನವೂ ಇರಲಿಲ್ಲ.

ಅಂದಿನಿಂದ ಫೂಟರು ಎರಡು ಕೆಲಸಗಳನ್ನು ಜೊತೆಯಾಗಿ ಹೊತ್ತು ನಡೆದರು. ಹಗಲು ಸರ್ಕಾರದ ಕೆಲಸವಾದ ಶಿಲೆಗಳ ಸರ್ವೇಕ್ಷಣೆ, ಆ ದಾರಿಯಲ್ಲಿಯೇ ಮನುಷ್ಯನ ಕುರುಹುಗಳ ಹುಡುಕಾಟ. ಎರಡನೆಯದಕ್ಕೆ ಸಂಬಳವಿರಲಿಲ್ಲ.

ಈ ಕೆಲಸ ಎಂಥದಾಗಿತ್ತೆಂಬುದನ್ನು ತಿಳಿಯಬೇಕಾದರೆ, ಎಡೆದೊರೆ ನಾಡಿನಲ್ಲಿ ಒಬ್ಬ ಭೂವಿಜ್ಞಾನಿಯ ಒಂದು ದಿನ ಹೇಗೆ ಕಳೆಯುತ್ತಿತ್ತೆಂಬುದನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಮಾನ್ವಿ, ಕವಿತಾಳ, ಬಾಗಲವಾಡ, ದೇವದುರ್ಗಗಳ ಕಡೆಯ ಮಕ್ಕಳಿಗೆ ಈ ನೆಲದ ಗುಣವನ್ನು ಹೇಳಿಕೊಡಬೇಕಾದುದಿಲ್ಲ. ಮಳೆ ಬಿದ್ದ ಎರೆಹೊಲದಲ್ಲಿ ಹತ್ತು ಹೆಜ್ಜೆ ಇಟ್ಟರೆ ಸಾಕು, ಪಾದಕ್ಕೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಬೇಸಗೆಯಲ್ಲಿ ಅದೇ ನೆಲ ಬಾಯಿಬಿಟ್ಟು, ದನದ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ. ಇಂದು ತುಂಗಭದ್ರೆಯ ಕಾಲುವೆಯಿಂದ ಈ ಸೀಮೆಯ ಬಹುಭಾಗ ಭತ್ತದ ಗದ್ದೆಯಾಗಿದೆ. 1870ರಲ್ಲಿ ಕಾಲುವೆಯೂ ಇರಲಿಲ್ಲ, ಅದರ ಬದಿಯ ನೆರಳೂ ಇರಲಿಲ್ಲ. ಜೋಳ, ಹತ್ತಿಗಳ ಬಯಲು, ನಡುನಡುವೆ ಜಾಲಿಯ ಪೊದೆ, ದೂರದೂರಕ್ಕೆ ಗುಂಡುಗಳನ್ನು ಒಟ್ಟಿದಂತೆ ಕಾಣುವ ಬೋಳು ಕಲ್ಲುಗುಡ್ಡಗಳು. ನಾಡು ಹೈದರಾಬಾದಿನ ನಿಜಾಮನ ಆಳ್ವಿಕೆಗೆ ಸೇರಿತ್ತು. ಬೊಂಬಾಯಿಯ ಮತ್ತು ಮದರಾಸಿನ ರೈಲುಮಾರ್ಗಗಳು ರಾಯಚೂರಿನಲ್ಲಿ ಬಂದು ಕೂಡಿದ್ದು ಅದರ ಮರುವರ್ಷ, ಅಂದರೆ 1871ರಲ್ಲಿ. ರೈಲು ಬಂದ ಮೇಲೆಯೂ ನಿಲ್ದಾಣದಿಂದ ಒಳನಾಡಿಗೆ ಬಂಡಿಯ ಜಾಡೇ ಗತಿಯಾಗಿತ್ತು.

ಸರ್ವೇಕ್ಷಣೆಯವರು ಮಳೆಗಾಲ ಮುಗಿದ ಮೇಲೆ ಡೇರೆಗಳೊಡನೆ ಹೊರಟು, ಬಿಸಿಲು ಬಲಿಯುವವರೆಗೂ ಹೊರಗೇ ಇರುತ್ತಿದ್ದರು. ಉಳಿದ ತಿಂಗಳುಗಳಲ್ಲಿ ಕಚೇರಿಯಲ್ಲಿ ಕುಳಿತು ವರದಿಯನ್ನು ಬರೆಯುವುದು ವಾಡಿಕೆ. ಡೇರೆ, ಪಾತ್ರೆ, ಪೆಟ್ಟಿಗೆಗಳನ್ನು ಹೊತ್ತ ಬಂಡಿಗಳು ಬೆಳಗಿನ ಜಾವವೇ ಮುಂದಿನ ಊರಿನತ್ತ ಹೊರಡುವುವು. ಬಂಡಿ ಜಾಡನ್ನು ಹಿಡಿದು ಹೋದರೆ, ಭೂವಿಜ್ಞಾನಿಯು ಜಾಡನ್ನು ಬಿಟ್ಟು ನಡೆಯಬೇಕು. ಏಕೆಂದರೆ ಜಾಡು ಇರುವುದು ಸಮನೆಲದಲ್ಲಿ, ಕಲ್ಲು ಕಾಣುವುದು ಹಳ್ಳದಲ್ಲಿ ಮತ್ತು ಗುಡ್ಡದಲ್ಲಿ. ಎರೆಮಣ್ಣು ಕಂಬಳಿಯಂತೆ ಶಿಲೆಗಳನ್ನು ಮುಚ್ಚಿಬಿಡುವ ಈ ಸೀಮೆಯಲ್ಲಂತೂ, ನೆಲದಡಿಯಲ್ಲಿ ಏನಿದೆಯೆಂಬುದನ್ನು ತಿಳಿಯಲು ಹಳ್ಳದ ದಂಡೆ, ತೋಡಿದ ಬಾವಿಯ ಒಳಮೈ, ಅಲ್ಲೊಂದು ಇಲ್ಲೊಂದು ತಲೆಯೆತ್ತಿದ ಬಂಡೆ, ಇವುಗಳನ್ನೇ ನಂಬಬೇಕು. ಎರಡು ಬಂಡೆಗಳ ನಡುವೆ ಮೈಲಿಗಟ್ಟಲೆ ಕಪ್ಪು ಹೊಲ. ಈ ಬಂಡೆಯ ಪದರ ಆ ಬಂಡೆಯಲ್ಲಿ ಮುಂದುವರಿದಿದೆಯೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ನಡೆದೇ ಹೋಗಿ ನೋಡಬೇಕು. ಆ ಕಾಲದ ಭಾರತದ ಅಟ್ಲಾಸಿನ ಹಾಳೆಗಳಲ್ಲಿ ನಾಲ್ಕು ಮೈಲಿ ನೆಲವನ್ನು ಒಂದೇ ಅಂಗುಲಕ್ಕೆ ಇಳಿಸಲಾಗಿತ್ತು. ನಕ್ಷೆಯ ಮೇಲೆ ಬೆರಳಗಲ ಕಾಣುವ ದೂರ ಕಾಲಿಗೆ ಅರ್ಧ ದಿನದ ದಾರಿ.

ಕುದುರೆಯೇನೋ ಇರುತ್ತಿತ್ತು. ಆದರೆ ಗುಂಡುಗಳ ಗುಡ್ಡವನ್ನು ಕುದುರೆ ಹತ್ತಲಾರದು. ಅಲ್ಲಿ ಕೈಕಾಲುಗಳೇ ಆಧಾರ. ಮನೆಯಷ್ಟು ದೊಡ್ಡ ಗುಂಡುಗಳ ಸಂದಿಯಲ್ಲಿ ನುಸುಳಬೇಕು. ಅಂಥ ಸಂದಿಗಳಲ್ಲಿ ಕರಡಿ, ಚಿರತೆಗಳು ಹಗಲಿನಲ್ಲಿ ಮಲಗುವುದುಂಟು. ನಡುಹಗಲಿಗೆ ಬಂಡೆ ಕೆಂಡದಂತೆ ಕಾಯುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಮುಟ್ಟದೆ ಕೆಲಸವಿಲ್ಲ. ಪದರ ಯಾವ ದಿಕ್ಕಿಗೆ ಓಡಿದೆ, ಎಷ್ಟು ಓರೆಯಾಗಿ ಇಳಿದಿದೆ ಎಂಬುದನ್ನು ದಿಕ್ಸೂಚಿಯಿಂದಲೂ ಓರೆಯಳತೆಯ ಉಪಕರಣದಿಂದಲೂ ಅಳೆದು ಅಲ್ಲಿಯೇ ಪುಸ್ತಕದಲ್ಲಿ ಬರೆಯಬೇಕು. ಬಿಸಿಲಿಗೆ ಮಾಸಿದ ಹೊರಮೈಯನ್ನು ನಂಬುವಂತಿಲ್ಲ. ಸುತ್ತಿಗೆಯಿಂದ ಒಡೆದು ಒಳಗಿನ ಹೊಸ ಮೈಯನ್ನು ನೋಡಬೇಕು. ಒಡೆದ ತುಂಡನ್ನು ಚೀಲಕ್ಕೆ ಹಾಕಬೇಕು. ಇಲ್ಲಿಯೇ ಇನ್ನೊಂದು ಕಷ್ಟ ಹುಟ್ಟುತ್ತದೆ. ಸಾಮಾನ್ಯ ಪಯಣಿಗನ ಹೊರೆ ನಡೆದಂತೆಲ್ಲ ಹಗುರವಾಗುತ್ತದೆ: ಬುತ್ತಿ ಮುಗಿಯುತ್ತದೆ, ನೀರು ತೀರುತ್ತದೆ. ಭೂವಿಜ್ಞಾನಿಯ ಹೊರೆ ಹೆಜ್ಜೆಹೆಜ್ಜೆಗೂ ಭಾರವಾಗುತ್ತದೆ. ಸಂಜೆಯ ಹೊತ್ತಿಗೆ ದೇಹ ಸೋತಿರುವಾಗ ಚೀಲ ತುಂಬಿರುತ್ತದೆ. ಯಾವ ಕಲ್ಲನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂಬುದನ್ನು ದಣಿದ ಮನಸ್ಸು ನಿರ್ಧರಿಸಬೇಕು. ತಪ್ಪು ಕಲ್ಲನ್ನು ಎಸೆದರೆ ಅದನ್ನು ಹುಡುಕಿಕೊಂಡು ಮತ್ತೆ ಆ ಗುಡ್ಡಕ್ಕೆ ಬರುವ ಅವಕಾಶ ಇಲ್ಲವೆಂದೇ ಹೇಳಬಹುದು. ಈ ಹೊರೆಯನ್ನು ಹೊರುವುದಕ್ಕೂ ದಾರಿ ತೋರಿಸುವುದಕ್ಕೂ ಊರೂರಿನಿಂದ ಆಳುಗಳು ಬರುತ್ತಿದ್ದರು. ಯಾವ ಹಳ್ಳದಲ್ಲಿ ನೀರಿದೆ, ಯಾವ ಗುಡ್ಡದಲ್ಲಿ ಮಡಕೆಯ ಚೂರುಗಳಿವೆ ಎಂಬುದು ತಿಳಿದಿದ್ದುದು ಅವರಿಗೆ. ಚರಿತ್ರೆಯು ಅಂಥವರ ಹೆಸರುಗಳನ್ನು ಸಾಮಾನ್ಯವಾಗಿ ಬರೆದಿಡುವುದಿಲ್ಲ.

ಡೇರೆಯನ್ನು ಸೇರಿದ ಮೇಲೂ ದಿನ ಮುಗಿಯುತ್ತಿರಲಿಲ್ಲ. ದೀಪದ ಬೆಳಕಿನಲ್ಲಿ ಚೀಲವನ್ನು ಬಿಚ್ಚಿ, ಪ್ರತಿಯೊಂದು ಕಲ್ಲಿಗೂ ಅದು ದೊರೆತ ಸ್ಥಳವನ್ನು ಗುರುತು ಹಾಕಬೇಕು. ಒಂದು ದಿನ ಮೈಗಳ್ಳತನ ಮಾಡಿದರೆ ಮರುದಿನ ಎರಡು ದಿನಗಳ ಕಲ್ಲುಗಳು ಬೆರೆತುಹೋಗುತ್ತವೆ. ಫೂಟರ ಹೆಚ್ಚುಗಾರಿಕೆ ಇರುವುದು ಈ ಒಂದು ಅಭ್ಯಾಸದಲ್ಲಿಯೇ ಎಂದು ನನಗೆ ತೋರುತ್ತದೆ. ಹಳೆಯ ಆಯುಧಗಳನ್ನು ಸಂಗ್ರಹಿಸಿದವರು ಆ ಕಾಲದಲ್ಲಿ ಇನ್ನೂ ಕೆಲವರಿದ್ದರು. ನಮ್ಮ ಹಳ್ಳಿಗಳಲ್ಲಿಯೂ ಜನರು ನಯವಾದ ಕಲ್ಲುಗೊಡಲಿ ಸಿಕ್ಕಿದರೆ ಅದನ್ನು ಸಿಡಿಲಿನೊಡನೆ ಬಿದ್ದ ಕಲ್ಲೆಂದು ಬಗೆದು ಕಾಪಾಡುತ್ತಿದ್ದರು. ಆದರೆ ಊರಿನ ಹೆಸರು ಕಳೆದುಕೊಂಡ ಕೊಡಲಿಯು ಬರಿಯ ಕಲ್ಲು. ಅದು ಯಾವ ಗುಡ್ಡದ ಯಾವ ಮಗ್ಗುಲಲ್ಲಿ, ಯಾವ ಮಡಕೆಚೂರುಗಳ ಜೊತೆಯಲ್ಲಿ ಬಿದ್ದಿತ್ತೆಂಬುದು ತಿಳಿದಾಗ ಮಾತ್ರ ಅದು ಸಾಕ್ಷಿಯಾಗುತ್ತದೆ. ಫೂಟರು ಮೂವತ್ತಮೂರು ವರ್ಷಗಳ ಸರ್ಕಾರಿ ಸೇವೆಯಲ್ಲಿಯೂ ಆಮೇಲಿನ ವರ್ಷಗಳಲ್ಲಿಯೂ ಈ ನಿಯಮವನ್ನು ಪಾಲಿಸುತ್ತ ಬಂದರು.

ಇಂಥ ದಿನಗಳಿಂದ ಬಂದ ಫಲಗಳು ಹಲವು. ಗೋಕಾಕಿನ ಬಳಿ ಅವರಿಗೆ ಘೇಂಡಾಮೃಗದ ಪಳೆಯುಳಿಕೆಗಳು ದೊರೆತವು. ಕೃಷ್ಣೆಯ ಈ ಬಯಲುಸೀಮೆಯಲ್ಲಿ ಒಂದು ಕಾಲಕ್ಕೆ ಘೇಂಡಾಮೃಗಗಳು ಮೇಯುತ್ತಿದ್ದವೆಂದರೆ ಇಂದು ನಂಬುವುದು ಕಷ್ಟ. ಆ ಪ್ರಾಣಿಗೆ ಫೂಟರು 1874ರಲ್ಲಿ ದಖ್ಖನಿನ ಹೆಸರನ್ನೇ ಇಟ್ಟರು. ಬೆಳಗಾವಿ, ಕಲಾದಗಿ, ಧಾರವಾಡಗಳ ಕಡೆಯ ಶಿಲೆಗಳನ್ನು ಕುರಿತ ಅವರ ದೊಡ್ಡ ಗ್ರಂಥ 1876ರಲ್ಲಿಯೂ, ಬಳ್ಳಾರಿ ಜಿಲ್ಲೆಯನ್ನು ಕುರಿತದ್ದು 1895ರಲ್ಲಿಯೂ ಹೊರಬಂದವು. ಅದುವರೆಗೆ ದಕ್ಷಿಣ ಭಾರತದ ಪುರಾತನ ಶಿಲೆಗಳೆಲ್ಲವನ್ನೂ ಒಂದೇ ಗುಂಪಿಗೆ ಸೇರಿಸುವುದು ರೂಢಿಯಾಗಿತ್ತು. ಅವುಗಳ ನಡುವೆ ಉದ್ದುದ್ದ ಪಟ್ಟಿಗಳಂತೆ ಹಾಯ್ದುಹೋಗುವ ಪದರಶಿಲೆಗಳು ಬೇರೆಯವೆಂದು ಫೂಟರು ಗುರುತಿಸಿ, ಅವುಗಳಿಗೆ ಧಾರವಾಡ ಶಿಲಾವರ್ಗವೆಂದು ಹೆಸರಿಟ್ಟರು. ನಮ್ಮ ನಾಡಿನ ಚಿನ್ನವಿರುವುದು ಈ ಪಟ್ಟಿಗಳಲ್ಲಿಯೇ ಎಂಬುದನ್ನೂ ಎತ್ತಿ ತೋರಿಸಿದರು. ಹಟ್ಟಿ ಮತ್ತು ಮಸ್ಕಿಗಳು ಅಂಥದೊಂದು ಪಟ್ಟಿಯ ಮೇಲಿವೆ. ಹಟ್ಟಿಯಲ್ಲಿ ಸುಮಾರು 2,000 ವರ್ಷಗಳ ಹಿಂದೆಯೇ ಜನರು ಆಳವಾಗಿ ತೋಡಿ ಚಿನ್ನವನ್ನು ತೆಗೆದಿದ್ದರೆಂಬುದು ಹಳೆಯ ಗಣಿಯಲ್ಲಿ ದೊರೆತ ಮರದ ತುಂಡಿನ ಪರೀಕ್ಷೆಯಿಂದ ಮುಂದೆ ತಿಳಿದುಬಂದಿತು. ಕನ್ನಡ ಊರೊಂದರ ಹೆಸರು ಲೋಕದ ಭೂವಿಜ್ಞಾನದ ಪುಸ್ತಕಗಳಲ್ಲಿ ನೆಲೆಗೊಂಡದ್ದು ಹೀಗೆ.

ಬೂದಿಗುಡ್ಡಗಳ ವಿಚಾರ ಇನ್ನೂ ಸ್ವಾರಸ್ಯವಾದುದು. ಬಳ್ಳಾರಿ, ರಾಯಚೂರು, ಸುರಪುರಗಳ ಸೀಮೆಯಲ್ಲಿ ಅಲ್ಲಲ್ಲಿ ಬೂದಿಯ ದೊಡ್ಡ ದಿಬ್ಬಗಳಿವೆ. ಕುಡತಿನಿಯ ದಿಬ್ಬ ಪ್ರಸಿದ್ಧವಾದುದು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ಹೇಳುತ್ತಾರೆ. ವಿದ್ವಾಂಸರಲ್ಲಿಯೂ ಒಮ್ಮತವಿರಲಿಲ್ಲ. ಕಬ್ಬಿಣ ಕರಗಿಸಿದ ಕುಲುಮೆಯ ಬೂದಿ ಎಂದರು ಕೆಲವರು. ಬಹಳ ಜನರನ್ನು ಒಟ್ಟಿಗೆ ದಹಿಸಿದ ಸ್ಥಳವೆಂದರು ಮತ್ತೆ ಕೆಲವರು. ಫೂಟರು ಆ ಗಟ್ಟಿಯಾದ ಬೂದಿಯ ತುಂಡುಗಳನ್ನು ಒಡೆದು ನೋಡಿದರು. ಸುತ್ತಮುತ್ತ ಸಿಗುವ ಕಲ್ಲುಗೊಡಲಿ, ಮಡಕೆಚೂರುಗಳನ್ನು ಗಮನಿಸಿದರು. ಇದು ನವಶಿಲಾಯುಗದ ಜನರ ದನದ ಹಟ್ಟಿ, ಮುಳ್ಳುಬೇಲಿಯೊಳಗೆ ವರ್ಷಾನುಗಟ್ಟಲೆ ಕೂಡಿದ ಸಗಣಿ ಉರಿದು ಹೀಗಾಗಿದೆ ಎಂಬ ನಿರ್ಣಯಕ್ಕೆ ಬಂದರು. ಬಹಳ ಮಂದಿಗೆ ಇದು ತೀರ ಸಾಧಾರಣವಾದ ವಿವರಣೆಯಾಗಿ ಕಂಡಿರಬೇಕು. ರಾಕ್ಷಸರ ಕಥೆಯ ಎದುರಿಗೆ ಸಗಣಿಯ ಕಥೆ ಸಪ್ಪೆಯೇ ಸರಿ. ಆದರೆ 1957ರಲ್ಲಿ ರೇಮಂಡ್ ಆಲ್ಚಿನ್ ಅವರು ಕೃಷ್ಣೆಯ ಆಚೆಯ ದಂಡೆಯ ಕಡೆಗಿರುವ ಉಟ್ನೂರಿನಲ್ಲಿ ಬೂದಿಗುಡ್ಡವನ್ನು ಅಗೆದಾಗ, ಒಂದರ ಮೇಲೊಂದು ಉರಿದ ಹಟ್ಟಿಗಳ ಪದರಗಳೂ ದನದ ಗೊರಸಿನ ಗುರುತುಗಳೂ ಕಾಣಿಸಿದವು. ಬೂದಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗಲೂ ಅದು ಸಗಣಿಯದೇ ಎಂದು ಸಿದ್ಧವಾಯಿತು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು 1989ರಿಂದ ಹಲವು ವರ್ಷ ನಡೆಸಿದ ಉತ್ಖನನವು ಆ ಜನರ ಬಾಳನ್ನು ಇನ್ನಷ್ಟು ವಿವರವಾಗಿ ತೆರೆದಿಟ್ಟಿತು. ಸುತ್ತಿಗೆಯೊಂದನ್ನೇ ನಂಬಿ ನಡೆದವರ ತೀರ್ಮಾನವು ಸುಮಾರು ಮುಕ್ಕಾಲು ಶತಮಾನದ ತರುವಾಯ ನಿಜವಾಯಿತು.

ಫೂಟರ ಎಲ್ಲ ತೀರ್ಮಾನಗಳೂ ಹೀಗೆ ನಿಂತವೆಂದು ತಿಳಿಯಬಾರದು. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಬಹು ದೀರ್ಘವಾದ ಕಾಲ ಈ ನಾಡು ಬರಿದಾಗಿತ್ತೆಂದು ಅವರು ಭಾವಿಸಿದ್ದರು. ಆ ನಡುವಿನ ಕಾಲದ ಜನರ ಆಯುಧಗಳೂ ಆಮೇಲೆ ದೊರೆತು, ಅವರ ಆ ಅಭಿಪ್ರಾಯವನ್ನು ಕೈಬಿಡಬೇಕಾಯಿತು. ಕೃಷ್ಣೆಯ ಎಡದಂಡೆಯ ಹುಣಸಗಿಯ ಕಣಿವೆಯಲ್ಲಿ ಹಳೆಯ ಶಿಲಾಯುಗದ ನೆಲೆಗಳು ಗುಂಪುಗುಂಪಾಗಿ ಇವೆ. ಅವು ವಿಸ್ತಾರವಾಗಿ ಬೆಳಕಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಮಸ್ಕಿಯ ಪ್ರಸಂಗವನ್ನಂತೂ ಹೇಳಲೇಬೇಕು. ಫೂಟರು 1870ರಲ್ಲಿ ಮಸ್ಕಿಯನ್ನು ನೋಡಿದರು. ಹದಿನೆಂಟು ವರ್ಷಗಳ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, 1888ರಲ್ಲಿ ಮತ್ತೆ ಬಂದರು. ಪುರಾತನ ಜನವಸತಿಯ ನೆಲೆಯಾಗಿ ಮಸ್ಕಿಯನ್ನು ವಿದ್ವಾಂಸರ ಗಮನಕ್ಕೆ ಮೊದಲು ತಂದವರು ಅವರೇ. ಅದೇ ಊರಿನ ಗುಡ್ಡದ ಬಂಡೆಯೊಂದರ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನವಿತ್ತು. ಬೇರೆ ಕಡೆಯ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದು, ಆ ಅರಸನು ಯಾರೆಂಬ ವಿಷಯದಲ್ಲಿ ವಿದ್ವಾಂಸರು ಊಹೆಯನ್ನೇ ಅವಲಂಬಿಸಿದ್ದ ಕಾಲವದು. ಅಶೋಕನ ಹೆಸರನ್ನೇ ಹೇಳುವ ಶಾಸನವು ಮಸ್ಕಿಯಲ್ಲಿ ಮೌನವಾಗಿ ಕಾದಿತ್ತು. ಅದನ್ನು ಕಂಡುಹಿಡಿದವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರು, 1915ರಲ್ಲಿ. ಕಲ್ಲಿನಲ್ಲಿ ಮನುಷ್ಯನ ಕೈಯ ಗುರುತನ್ನು ಹುಡುಕಿಕೊಂಡು ಎರಡು ಸಲ ಮಸ್ಕಿಗೆ ಬಂದ ಫೂಟರಿಗೆ ಕಲ್ಲಿನ ಮೇಲಿನ ಈ ಅಕ್ಷರಗಳು ದಕ್ಕದೆ ಹೋದವು. ಎಷ್ಟು ನಡೆದರೂ ಒಬ್ಬ ಮನುಷ್ಯನ ಕಾಲು ಮುಟ್ಟದ ಬಂಡೆಗಳು ಉಳಿದೇ ಉಳಿಯುತ್ತವೆ.

1891ರಲ್ಲಿ ಫೂಟರು ಇಲಾಖೆಯಿಂದ ನಿವೃತ್ತರಾದರು. ವಿಶ್ರಾಂತಿಗೆಂದು ಸ್ವದೇಶಕ್ಕೆ ಮರಳಿ ನೆಲೆಸಲಿಲ್ಲ. ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ಸೇಲಂ ಜಿಲ್ಲೆಯ ಏರ್ಕಾಡಿನ ತಂಪಾದ ಬೆಟ್ಟದಲ್ಲಿ ಮನೆ ಮಾಡಿದರು. ನಾಲ್ಕು ದಶಕಗಳಲ್ಲಿ ಕೂಡಿದ ಕಲ್ಲುಗೊಡಲಿ, ಚಕ್ಕೆ, ಮಡಕೆ, ಬಳೆಚೂರುಗಳ ಅಪಾರ ಸಂಗ್ರಹ ಅವರ ಬಳಿಯಿತ್ತು. ಅದು ಚೆದುರಿಹೋಗದಂತೆ 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ಬಳಿಕ ಮುಪ್ಪಿನಲ್ಲಿ ಅವರು ಕೈಗೊಂಡ ಕೆಲಸವೆಂದರೆ ಆ ವಸ್ತುಗಳ ಪಟ್ಟಿಯನ್ನು ಬರೆಯುವುದು. ಡೇರೆಯ ದೀಪದ ಬೆಳಕಿನಲ್ಲಿ ಹಾಕಿದ ಗುರುತುಗಳು ಆಗ ಉಪಯೋಗಕ್ಕೆ ಬಂದವು. ವಸ್ತು ಯಾವುದು, ಯಾವ ಕಲ್ಲಿನದು, ಯಾವ ಊರಿನದು ಎಂದು ಒಂದೊಂದನ್ನೂ ವಿವರಿಸುತ್ತ ಹೋದರು.

ಪಟ್ಟಿ ಅಚ್ಚಾದುದನ್ನು ನೋಡಲು ಅವರಿಗೆ ಆಯುಸ್ಸು ಸಾಲಲಿಲ್ಲ. 1912ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು. ಏರ್ಕಾಡಿನ ಚರ್ಚಿನಲ್ಲಿ ಅವರ ಸ್ಮಾರಕವಿದೆ. ವಸ್ತುಗಳ ಪಟ್ಟಿ 1914ರಲ್ಲಿಯೂ, ಅವುಗಳ ಕಾಲ ಮತ್ತು ನೆಲೆಗಳನ್ನು ಕುರಿತ ಎರಡನೆಯ ಸಂಪುಟ 1916ರಲ್ಲಿಯೂ ಮದರಾಸಿನಿಂದ ಪ್ರಕಟವಾದವು. ಆಮೇಲೆ ದಕ್ಷಿಣ ಭಾರತದಲ್ಲಿ ಪುರಾತನ ನೆಲೆಗಳನ್ನು ಅರಸಿ ಹೊರಟವರು ಮೊದಲು ತೆರೆಯುತ್ತಿದ್ದ ಪುಸ್ತಕಗಳಲ್ಲಿ ಇವೂ ಸೇರಿದವು. ಮಸ್ಕಿಯಲ್ಲಿ 1935ರಿಂದ 1937ರವರೆಗೆ ಹೈದರಾಬಾದು ಸಂಸ್ಥಾನದ ಪುರಾತತ್ವ ಇಲಾಖೆಯೂ, 1954ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ಅಗೆತ ನಡೆಸಿದವು. ಕಲ್ಲಿನ ಅಲಗುಗಳನ್ನು ಬಳಸುತ್ತಿದ್ದ ಜನರ ನೆಲೆಯ ಮೇಲೆ ಕಬ್ಬಿಣ ಬಲ್ಲವರ ನೆಲೆ, ಅದರ ಮೇಲೆ ಚರಿತ್ರೆಯ ಕಾಲದ ನೆಲೆ, ಹೀಗೆ ಒಂದೊಂದಾಗಿ ಪದರಗಳು ತೆರೆದುಕೊಂಡವು.